ಸಾರಥಿ ಪಾರ್ಟಿನ ಲಿಂಗರಾಜು

ಲಿಂಗರಾಜು ಹೋದನಂತೆ... ಇಲ್ಲ, ಮನಸ್ಸು ಒಪ್ಪುತ್ತಿಲ್ಲ.
ಸಿನಿಮಾದಲ್ಲಿ ಗುಂಡೇಟು ತಿಂದು ಸತ್ತು, ಮುಂದಿನ ಶುಕ್ರವಾರ ಇನ್ನೊಂದು ಪಿಕ್ಚರ್‌ನಲ್ಲಿ ಇನ್ಸ್‌ಪೆಕ್ಟರಾಗಿ ಬರುತ್ತಿದ್ದವನು.
ಬೆಳಿಗ್ಗೆ ಅವನ ಮಗಳು ಫೋನ್ ಮಾಡಿದಾಗ "ಯಾವ ಪಿಕ್ಚರ್‌ನಲ್ಲಮ್ಮ?" ಎಂದು ಕೇಳುವವನಿದ್ದೆ...

ಈ ಆ್ಯಕ್ಟಿಂಗ್ ಹುಚ್ಚಿಗೆ ಅವನು ತೆತ್ತದ್ದೇನು ಅಂತ ಕೂಡಿಸುತ್ತಾ ಕೂತಿದ್ದೇನೆ.
ಊರು ನಿಡಘಟ್ಟದಲ್ಲಿ ಮಾರಿದ ಗದ್ದೆ.
ಮದರಾಸಿನ ಬಾಡಿಗೆ ರೂಮಿನಲ್ಲಿ ಕಳೆದ ಪ್ರಾಯ.
ಫೈಟಿಂಗ್ ಸೀನಿನಲ್ಲಿ ಕುದುರೆಯಿಂದ ಬಿದ್ದು ಕೆಟ್ಟ ಸೊಂಟ.
ಮತ್ತೆ... ಅಪ್ಪನ ಬಾಯಿಂದ ಬರಬೇಕಾಗಿದ್ದ ಒಂದು ಒಳ್ಳೆ ಮಾತು.

ಎಪ್ಪತ್ತರ ದಶಕದ ಯಾವ ಕನ್ನಡ ಪಿಕ್ಚರ್ ಬೇಕಾದರೂ ಹಾಕಿ...
ಲಾಯರ್, ಡಾಕ್ಟರ್, ಹೀರೋಯಿನ್ ಅಣ್ಣ, ವಿಲನ್ ಪಕ್ಕದ ಬಂಟ... ಎಲ್ಲೋ ಒಂದು ಕಡೆ ಇರುತ್ತಾನೆ.
ಮಳವಳ್ಳಿ ಟೆಂಟಿನಲ್ಲಿ ಜನ ಮುಖ ಕಂಡ ಕೂಡಲೇ ಶಿಳ್ಳೆ ಹೊಡೆಯುತ್ತಿದ್ದರು. ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ.

ಅವನಪ್ಪ ಇದನ್ನೆಲ್ಲ ಲೆಕ್ಕಕ್ಕೇ ಹಿಡಿಯಲಿಲ್ಲ.
"ನಾಟ್ಕದಲ್ಲಿ ಕಿರೀಟ ಇಕ್ಕಂಡೋನು ಆಕ್ಟ್ರು ಕಣ್ಲಾ. ನೀನು ಪಕ್ದಲ್ ನಿಂತ್ಕಳೋನು!"

ಅದಕ್ಕೇ ಒಂದು ವರ್ಷ ಶೂಟಿಂಗ್ ಬಿಟ್ಟು ಊರಿಗೆ ಬಂದ. ಊರಿನ ಪೌರಾಣಿಕ ನಾಟಕದಲ್ಲಿ ಹೀರೋ ಪಾರ್ಟು ಮಾಡಬೇಕು, ಮುದುಕ ಒಂದು ಸಲ ಮಗನ ತಲೆ ಮೇಲೆ ಕಿರೀಟ ನೋಡಬೇಕು...

ಮದರಾಸಿನಲ್ಲಿದ್ದು ನಮ್ಮ ಕಡೆಯ ಪದ್ಧತಿ ಮರೆತಿದ್ದ.
ಇಲ್ಲಿ ಪಾರ್ಟು ಬೇಕಾದವನೇ ದುಡ್ಡು ಕಟ್ಟಬೇಕು. ಹಾರ್ಮೋನಿಯಂ ಮೇಷ್ಟ್ರು, ಲೈಟು, ಮದ್ದೂರಿನಿಂದ ಹೋಗುವ ನನ್ನ ಸೀನರಿ ಪರದೆಗಳ ಬಾಡಿಗೆ... ಎಲ್ಲಾ ಅದರಲ್ಲೇ.

ಕಮಿಟಿ ಯಜಮಾನರು ಕಾಫಿ ತರಿಸಿಕೊಟ್ಟು ಹೇಳಿದರು:
"ಸಿನಿಮಾದೋರು ಬಂದ್ರಿ, ಸಂತೋಸ. ಆದ್ರೆ ಈರೋ ಪಾರ್ಟ ಆಲೆಮನೆ ಚನ್ನೇಗೌಡ್ರು ತಕ್ಕಂಡವ್ರೆ. ಸಾರಥಿ ಪಾರ್ಟು ಯಾರ್ಗೂ ಬ್ಯಾಡ್ವಂತೆ. ಸುಮ್ನೆ ಬಿದ್ದದೆ, ಮಾಡ್ತೀರಾ?"

ನಾನು ಅವನನ್ನು ಆಚೆಗೆ ಎಳೆದುಕೊಂಡು ಹೋದೆ. "ಗೌಡ ಕಟ್ಟಿದ್ದನ್ನ ವಾಪಸ್ ಮಾಡುವಾ, ನಾನ್ ಕೊಡ್ತೀನಿ ಕಣ್ಲಾ."
"ಬ್ಯಾಡ ಬುಡ್ಲಾ. ಪಾಪ, ಆರ್ ತಿಂಗ್ಳಿಂದ ಕಲ್ತವ್ನೆ. ಎಂಡ್ತಿ ಕಡೇರೆಲ್ಲಾ ನೋಡಕ್ ಬತ್ತಾವ್ರೆ."

ಲಿಂಗ... ಅವತ್ತು ನೀನು ಮಾಡಿದ್ದನ್ನು ಪರದೆಯ ಮರೆಯಿಂದ ನೋಡಿದವನು ನಾನೊಬ್ಬನೇ ಕಣೋ.
ಮುಂದೆ ಕೂತ ಜನರನ್ನು ಕಂಡ ಕೂಡಲೇ ಗೌಡರ ಬಾಯಿ ಕಟ್ಟಿಹೋಯಿತು. ಒಂದು ಮಾತೂ ನೆನಪಿಲ್ಲ.
ನೀನು ಲಗಾಮು ಹಿಡಿದುಕೊಂಡೇ ಅವರ ಮಾತನ್ನೆಲ್ಲ ಪ್ರಶ್ನೆ ಮಾಡಿಬಿಟ್ಟೆ... "ಪ್ರಭೂ, ಈ ಸೈನ್ಯವನ್ನು ಒಬ್ಬನೇ ಎದುರಿಸುವೆನೆಂದು ತಾನೇ ತಮ್ಮ ಮನಸ್ಸಿನಲ್ಲಿರುವುದು?"
ಗೌಡರು ಎದೆ ತಟ್ಟಿಕೊಂಡು "ಹೌದು!" ಅಂದರು.
ಇಡೀ ಸೀನು ಹಾಗೇ... ನೀನು ಕೇಳಿದ್ದು, ಅವರು "ಹೌದು!" ಅಂದದ್ದು.
ಶಿಳ್ಳೆಯೋ ಶಿಳ್ಳೆ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಬಾರದು ಅಂತಲೇ ಅಲ್ಲವಾ ನೀನು ಅಷ್ಟು ಚೆನ್ನಾಗಿ ಮಾಡಿದ್ದು...

ನಾಟಕ ಮುಗಿದ ಮೇಲೆ ನಿನ್ನಪ್ಪ ಚಾಪೆ ಸುತ್ತಿಕೊಂಡು ಬಂದರು.
"ಚನ್ನೇಗೌಡ ಏನ್ ಮಾಡ್ದ್ನಪ್ಪಾ! ನೋಡ್ ಕಲ್ತ್ಕೊಳ್ಲಾ."
ನಾನು ಬಾಯಿ ತೆರೆದೆ. ನೀನು ನನ್ನ ಕೈ ಅದುಮಿದೆ.
"ಊ ಕಣಪ್ಪ" ಅಂದೆ, ಅಷ್ಟೇ.
ಮುಂದಿನ ವರ್ಷದ ನಾಟಕಕ್ಕೆ ಆ ಮುದುಕ ಇರಲಿಲ್ಲ...

ಕೂಡಿಸಿದ್ದು ಮುಗಿಯಿತು.
ಚನ್ನೇಗೌಡರಿಗೆ ಹಾರ, ಮಾವನ ಮನೆಯಲ್ಲಿ ಮರ್ಯಾದೆ.
ಮೇಷ್ಟ್ರಿಗೆ ಶಾಲು.
ನನಗೆ ಸೀನರಿ ಬಾಡಿಗೆ.
ಅಪ್ಪನಿಗೆ ಒಂದು ಒಳ್ಳೆ ನಾಟಕ.
ಲಿಂಗರಾಜುವಿಗೆ ಏನೂ ಸಿಗಲಿಲ್ಲ...
ಅವನ ಆತ್ಮಕ್ಕೆ ಶಾಂತಿಯಾದರೂ ಸಿಗಲಿ.