ತಂಗಿಗೆ ನಾನು ತಂದ ನಿದ್ದೆ

ಅತ್ತಿಗುಪ್ಪೆಯಲ್ಲಿ ನನ್ನದೊಂದು ಹಾಸಿಗೆ ಅಂಗಡಿ ಇದೆ. ಹತ್ತಿ ದಿಂಬುಗಳ ಗಂಟನ್ನು ತಲೆಯ ಮೇಲೆ ಹೊತ್ತು, ಚಂದ್ರಾ ಲೇಔಟಿನ ಬೀದಿ ಬೀದಿ ತಿರುಗಿ ಮಾರಿ, ಆಮೇಲೆ ಹಾಕಿದ ಅಂಗಡಿ. ಹಾಸಿಗೆ ಮಾರುವವಳಿಗೆ ನಿದ್ದೆಯ ವಿಷಯವೂ ಗೊತ್ತಿರುತ್ತದೆ ಎಂದು ಗಿರಾಕಿಗಳು ನಂಬುತ್ತಾರೆ. ನಾನೂ ನಂಬಿದ್ದೆ. ಬೆನ್ನು ನೋವಿದ್ದರೆ ತೆಂಗಿನ ನಾರಿನದು ತಗೊಳ್ಳಿ ಎಂದು ಶುರುವಾಗುವ ನನ್ನ ಬಾಯಿ, ಮಲಗುವ ಮುಂಚೆ ಇಂಥ ಮಾತ್ರೆ ತಗೊಳ್ಳಿ ಎನ್ನುವಲ್ಲಿಗೆ ಹೋಗಿ ನಿಲ್ಲುತ್ತಿತ್ತು. ಯಾರೂ ಬೇಡ ಅನ್ನುತ್ತಿರಲಿಲ್ಲ.

ನನ್ನ ತಂಗಿ ಬ್ಯಾಡರಹಳ್ಳಿಯಲ್ಲಿ ಒಬ್ಬಳೇ ಇದ್ದಾಳೆ. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಒಂದು ಭಾನುವಾರ ಅಂಗಡಿಗೆ ಬಂದು, ಮಾರಲು ಇಟ್ಟಿದ್ದ ಹಾಸಿಗೆಯ ಅಂಚಿನಲ್ಲಿ ಕುಳಿತಳು. ಕಣ್ಣ ಕೆಳಗೆ ಕಪ್ಪು.

"ನಿದ್ದೆನೇ ಬರಲ್ಲ ಅಕ್ಕ. ಮಲಗಿದ ತಕ್ಷಣ ಕಾಲೊಳಗೆ ಏನೋ ಹರಿದಾಡ್ದಂಗೆ ಆಗುತ್ತೆ. ಎದ್ದು ಓಡಾಡಿದ್ರೆ ಸರಿಹೋಗುತ್ತೆ, ಮಲಗಿದ್ರೆ ಮತ್ತೆ ಅದೇ. ಮೊನ್ನೆ ಮಿಷನ್ ಮುಂದೆ ತೂಕಡಿಸಿದೆ. ಇನ್ನೊಂದ್ಸಲ ಆದ್ರೆ ಬರಬೇಡ ಅಂದಿದಾರೆ ಸೂಪರ್‌ವೈಸರು."

"ಟೆನ್ಷನ್ ಕಣೇ ನಿಂಗೆ. ನಾನು ನೋಡ್ಕೋತೀನಿ ಬಿಡು," ಅಂದೆ.

ಕಾಲಿನ ಮಾತನ್ನು ಅವಳು ಹೇಳಿದ್ದಳು, ನಾನು ಕೇಳಿಸಿಕೊಂಡಿದ್ದೆ. ಎರಡೂ ನಿಜ. ಆದರೆ ಅಷ್ಟರಲ್ಲಾಗಲೇ ನನ್ನ ತಲೆ ಯಾವ ಅಂಗಡಿಗೆ ಹೋಗಬೇಕು ಎಂಬ ಕಡೆ ಓಡುತ್ತಿತ್ತು.

ಮೊದಲು ಮೆಡಿಕಲ್ ಸ್ಟೋರಿನಲ್ಲಿ ಅಶ್ವಗಂಧದ ಕ್ಯಾಪ್ಸೂಲು ತಂದುಕೊಟ್ಟೆ. ಹದಿನೈದು ದಿನವಾದರೂ ಏನೂ ಆಗಲಿಲ್ಲ. ಆಮೇಲೆ ವಿಜಯನಗರದಲ್ಲಿ ಜಿಮ್ಮಿನ ಪಕ್ಕ ಪ್ರೋಟೀನ್ ಪುಡಿ ಮಾರುವ ಅಂಗಡಿಗೆ ಹೋದೆ. ನಿದ್ದೆಗೆ ಏನಿದೆ ಎಂದು ಕೇಳಿದ್ದಕ್ಕೆ ಮಾಲೀಕ ಒಂದು ಕಪ್ಪು ಬಾಟ್ಲಿ ತೆಗೆದಿಟ್ಟ. ಅದರ ಮೇಲೆ ಚಂದ್ರನ ಚಿತ್ರ.

"ಎಷ್ಟು ಬಿಡ್ತೀಯಪ್ಪ ಇದರಲ್ಲಿ?"

"ಆಂಟಿ, ಇದು ತರಕಾರಿ ಅಲ್ಲ, ಚೌಕಾಸಿ ಮಾಡಕ್ಕೆ."

"ತರಕಾರಿ ಆಗಿದ್ರೆ ಮುಟ್ಟಿ ನೋಡ್ತಿದ್ದೆ. ಇದಕ್ಕೆ ಸೀಲ್ ಹಾಕಿದೀಯ. ಒಳಗೇನಿದೆಯೋ ಯಾರಿಗ್ ಗೊತ್ತು? ಅದಕ್ಕೇ ಕಮ್ಮಿ ಮಾಡು."

ಅವನು ನಕ್ಕುಬಿಟ್ಟ. "ನಿಮ್ ಹತ್ರ ಮಾತಾಡಿ ಗೆಲ್ಲಕ್ಕಾಗಲ್ಲ. ರೇಟು ಕಮ್ಮಿ ಆಗಲ್ಲ, ಇನ್ನೊಂದು ಬಾಟ್ಲಿ ಫ್ರೀ ಕೊಡ್ತೀನಿ, ತಗೊಂಡು ಹೋಗಿ."

ಗೆದ್ದವಳಂತೆ ಎರಡು ಬಾಟ್ಲಿ ಹಿಡಿದು ಬಂದೆ. "ಮುಂಚಿನದನ್ನ ನಿಲ್ಲಿಸ್ಲಾ?" ಎಂದು ತಂಗಿ ಕೇಳಿದಳು. "ದುಡ್ಡು ಕೊಟ್ಟು ತಂದಿರೋದು, ಅದೂ ಖಾಲಿಯಾಗ್ಲಿ," ಅಂದೆ. ಮುಂದಿನ ತಿಂಗಳು ಗಿರಾಕಿಯೊಬ್ಬರು ಹೇಳಿದರೆಂದು, ಬೇರು ನಾರು ಮಾರುವ ಗ್ರಂಥಿಗೆ ಅಂಗಡಿಯಿಂದ ಹಿರೇಮದ್ದಿನ ಪುಡಿ ಕಟ್ಟಿಸಿಕೊಂಡು ಬಂದೆ. ಹಾಲಿಗೆ ಒಂದು ಚಮಚ. ಅದಕ್ಕೂ ಅವಳು ಇಲ್ಲವೆನ್ನಲಿಲ್ಲ. ನಾನು ಕೊಟ್ಟಿದ್ದನ್ನು ಅವಳು ಚಿಕ್ಕಂದಿನಿಂದ ಬೇಡ ಅಂದವಳಲ್ಲ.

ಆಮೇಲೆ ಅವಳಿಗೆ ಊಟ ಸೇರದಾಯಿತು. ಮೈಯೆಲ್ಲಾ ಕಡಿತ. ಬಿಸಿಲಿಗೆ ಅಂದೆ, ನಿಂಬೆಹಣ್ಣಿನ ಪಾನಕ ಕುಡಿ ಅಂದೆ. ಒಂದು ಬೆಳಿಗ್ಗೆ ಅವಳೇ ಆಟೋ ಹಿಡಿದು ಅಂಗಡಿಗೆ ಬಂದು, ನನ್ನ ಎದುರು ನಿಂತು ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದಳು. ಅರಿಶಿನ ಹಚ್ಚಿದ ಹಾಗಿತ್ತು.

ಆಸ್ಪತ್ರೆಯಲ್ಲಿ ಅವಳನ್ನು ಆ ಕ್ಷಣವೇ ಸೇರಿಸಿಕೊಂಡರು. ಏನೇನು ತಗೋತಿದ್ರೋ ಎಲ್ಲಾ ತನ್ನಿ ಎಂದು ಡಾಕ್ಟರು ಹೇಳಿದ್ದಕ್ಕೆ ಬ್ಯಾಡರಹಳ್ಳಿಗೆ ಹೋಗಿ ಚೀಲದಲ್ಲಿ ತುಂಬಿಕೊಂಡು ಬಂದೆ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು ಆ ಡಾಕ್ಟರಮ್ಮ. ಒಂದೊಂದನ್ನೇ ತಿರುಗಿಸಿ ಹಿಂಭಾಗ ಓದಿದರು.

"ಇದು ಅಶ್ವಗಂಧ. ಈ ಚಂದ್ರನ ಬಾಟ್ಲಿಲಿ ವಿಥಾನಿಯಾ ಸಾಮ್ನಿಫೆರಾ ಅಂತ ಬರ್ದಿದೆ ನೋಡಿ, ಅದೂ ಅಶ್ವಗಂಧನೇ. ಸಸ್ಯಶಾಸ್ತ್ರದ ಹೆಸರು ಹಾಕಿದಾರೆ ಅಷ್ಟೆ. ಈ ಪೊಟ್ಟಣ ಏನಮ್ಮಾ?"

"ಅದು ಬೇರೆ ಮೇಡಮ್. ಹಿರೇಮದ್ದಿನ ಪುಡಿ."

"ಹಾಗಂದ್ರೆ? ಆ ಅಂಗಡಿಗೆ ಫೋನ್ ಮಾಡಿ ಕೇಳಿ, ಸ್ಪೀಕರ್ ಹಾಕಿ."

ಗ್ರಂಥಿಗೆ ಅಂಗಡಿಯವನು ಖುಷಿಯಿಂದಲೇ ಮಾತಾಡಿದ. "ಹಿರೇಮದ್ದಾ? ಅಶ್ವಗಂಧನೇ ಅಲ್ವಾ ಅಕ್ಕ! ನಮ್ಮ ತಾತನ ಕಾಲದಿಂದ ನಾವು ಹಿಂಗೇ ಕರೆಯೋದು. ಇನ್ನೊಂದು ಕಾಲ್ ಕೆಜಿ ಕಟ್ಟಿಡ್ಲಾ?"

ನಾನು ಫೋನ್ ಇಟ್ಟೆ.

ನನ್ನ ವ್ಯಾಪಾರದಲ್ಲಿ ಒಂದೇ ಫೋಮಿಗೆ ಮೂರು ಬಗೆಯ ಬಟ್ಟೆ ಹೊದಿಸಿ, ಮೂರು ಹೆಸರಿಟ್ಟು, ಮೂರು ಬೆಲೆಗೆ ಮಾರುತ್ತಾರೆ. ಸರಕು ತರುವವನಿಗೆ ನಾನು ಹೇಳುವ ಮೊದಲ ಮಾತೇ "ಜಿಪ್ ತೆಗಿ, ಒಳಗಿರೋದನ್ನ ತೋರಿಸು" ಎಂದು. ನನಗೆ ಆ ವಿಷಯದಲ್ಲಿ ಯಾರೂ ಮೋಸ ಮಾಡಿದ್ದಿಲ್ಲ. ಬಾಟ್ಲಿಯ ಹಿಂಭಾಗ ಓದುವಷ್ಟು ಇಂಗ್ಲಿಷೂ ನನಗೆ ಬರುತ್ತದೆ. ಬೆಲೆ ಎಲ್ಲಿ ಬರೆದಿದೆಯೋ ಅಲ್ಲಿಯವರೆಗೆ ಓದಿದ್ದೆ.

"ಇದರಿಂದಲೇ ಆಯ್ತಾ?" ಎಂದು ಕೇಳಿದೆ.

"ಈಗಲೇ ಹೇಳಕ್ಕಾಗಲ್ಲ. ಕೆಲವರಿಗೆ ಇದು ಲಿವರ್‌ಗೆ ಹೊಡೆಯುತ್ತೆ. ಕಾಮಾಲೆಗೆ ಬೇರೆ ಕಾರಣ ಇದೆಯಾ ಅಂತ ಟೆಸ್ಟ್ ಎಲ್ಲಾ ಮಾಡಿ ನೋಡೋಣ." ಆಮೇಲೆ ತಂಗಿಯ ಕಡೆ ತಿರುಗಿ, "ನಿದ್ದೆ ಯಾಕಮ್ಮ ಬರ್ತಿರ್ಲಿಲ್ಲ?" ಎಂದರು.

"ಟೆನ್ಷನ್ನು ಅವಳಿಗೆ..." ನಾನು ಬಾಯಿ ಹಾಕಿದೆ.

"ಅವರು ಹೇಳ್ಲಿ."

ತಂಗಿ ಕಾಲಿನದನ್ನು ಹೇಳಿದಳು. ಒಂದು ವರ್ಷದಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದೆ ಎಂದೂ ಹೇಳಿದಳು. ಅದು ನನಗೆ ಗೊತ್ತೇ ಇರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಕಬ್ಬಿಣದ ಅಂಶ ತಳ ಕಂಡಿತ್ತು. ಕಾಲು ಹಾಗಾಗುವುದಕ್ಕೆ ಅದೇ ಕಾರಣ ಇರಬಹುದು, ಮೊದಲೇ ಬಂದಿದ್ದರೆ ಅದಕ್ಕೆ ಔಷಧಿ ಕೊಟ್ಟು ನೋಡಬಹುದಿತ್ತು ಎಂದರು. ಕಾಮಾಲೆಗೆ ಬೇರೆ ಕಾರಣ ಹುಡುಕಿದ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಉಳಿದದ್ದು ನಾನು ತಂದ ಚೀಲ.

ಎರಡನೇ ವಾರ ಅವಳ ಸ್ಥಿತಿ ಇನ್ನೂ ಕೆಟ್ಟಿತು. ಮಾತು ತೊದಲತೊಡಗಿತು, ನನ್ನನ್ನು ಅಮ್ಮ ಎಂದು ಕರೆದಳು. ಹೀಗೇ ಕೆಡುತ್ತಾ ಹೋದರೆ ಲಿವರ್ ಬದಲಿಸುವ ಆಸ್ಪತ್ರೆಗೆ ಕಳಿಸಬೇಕಾಗುತ್ತದೆ ಎಂದರು ಡಾಕ್ಟರಮ್ಮ.

"ನನ್ನದು ತಗೊಳ್ಳಿ," ಅಂದೆ.

"ನಿಮಗೆ ಶುಗರ್ ಇದೆಯಾ?"

"ಇದೆ, ಹನ್ನೆರಡು ವರ್ಷದಿಂದ."

"ಆಗಲ್ಲಮ್ಮಾ."

"ಅರ್ಧನಾದ್ರೂ? ಸ್ವಲ್ಪ?"

ಚೌಕಾಸಿ ಮಾಡುತ್ತಿದ್ದೇನೆ ಎಂದು ನನಗೇ ಕೇಳಿಸಿತು. ಅವರು ನನ್ನ ಕೈ ಹಿಡಿದು, ಆಗಲ್ಲ ಎಂದು ಇನ್ನೊಮ್ಮೆ ಹೇಳಿದರು.

ಬದಲಿಸುವ ಮಟ್ಟಕ್ಕೆ ಹೋಗಲಿಲ್ಲ. ಒಂದು ದಿನ ರಿಪೋರ್ಟಿನಲ್ಲಿ ಕಾಮಾಲೆಯ ಅಂಕಿ ಏರದೆ ನಿಂತಿತು, ಆಮೇಲೆ ನಿಧಾನಕ್ಕೆ ಇಳಿಯಿತು. ನಾನು ಮಾಡಿದ್ದರಿಂದ ಇಳಿದದ್ದಲ್ಲ. ನಾನು ಏನನ್ನೂ ಕೊಡದೆ ಇದ್ದದ್ದರಿಂದ ಇಳಿಯಿತು. ಗಾರ್ಮೆಂಟ್ಸ್‌ನವರು ಅವಳ ಜಾಗಕ್ಕೆ ಬೇರೆಯವರನ್ನು ತಗೊಂಡಿದ್ದರು.

ಈಗಲೂ ಜನ ಕೇಳುತ್ತಾರೆ, ನಾನೂ ಬಾಯಿ ಮುಚ್ಚಿಕೊಂಡಿರುವುದಿಲ್ಲ. ನಿದ್ದೆ ಯಾಕೆ ಬರುತ್ತಿಲ್ಲ ಎಂದು ಗೊತ್ತಾಗುವ ಮುಂಚೆ ಯಾವುದನ್ನೂ ಕೊಳ್ಳಬೇಡಿ. ಡಾಕ್ಟರ ಹತ್ತಿರ ಗೊರಕೆ, ಕಾಲು, ಮುಟ್ಟು, ಮೊದಲೇ ನುಂಗುತ್ತಿರುವ ಮಾತ್ರೆ, ಎಲ್ಲಾ ಹೇಳಿ. ಅವರು ಸರಿ ಎಂದರೂ ಒಂದು ಸಲಕ್ಕೆ ಒಂದೇ ಸಾಮಾನು, ಹಿಂಭಾಗ ಓದಿ. ಗಿಡದ್ದು, ಏನೂ ಆಗಲ್ಲ ಎನ್ನುವವರನ್ನು ನಂಬಬೇಡಿ. ನಾನೇ ಹಾಗೆಂದವಳು.

ಅವಳು ಮನೆಗೆ ಬಂದ ವಾರ, ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಮಾತ್ರೆ ತಗೊಂಡು ಬ್ಯಾಡರಹಳ್ಳಿಗೆ ಹೋದೆ. ಚೀಟಿಯನ್ನೂ ಬಿಲ್ಲನ್ನೂ ಮಾತ್ರೆಯ ಜೊತೆಗೇ ಇಟ್ಟಿದ್ದೆ. ಅವಳು ಕೈಗೆ ತಗೊಂಡು, ತಿರುಗಿಸಿ ಹಿಂಭಾಗ ಓದಿದಳು.

"ಡಾಕ್ಟರು ಬರೆದಿದ್ದೇ ಕಣೇ," ಅಂದೆ.

"ಗೊತ್ತು ಅಕ್ಕ. ಬೇಜಾರ್ ಮಾಡ್ಕೋಬೇಡ. ಕೆಳಗಡೆ ಮೆಡಿಕಲ್‌ನಲ್ಲಿ ಒಂದ್ಸಲ ಕೇಳ್ಕೊಂಡ್ ಬರ್ತೀನಿ."

"ನಾನೂ ಬರ್ಲಾ?"

"ಬೇಡ. ನೀನಿಲ್ಲೇ ಇರು."

ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಪ್ರತಿ ಮೆಟ್ಟಿಲಿಗೂ ನಿಂತು ಉಸಿರು ತಗೊಳ್ಳುವುದು ಮೇಲಿನವರೆಗೂ ಕೇಳಿಸುತ್ತಿತ್ತು. ಎದ್ದು ಹೋಗಿ ಕೈ ಹಿಡಿಯೋಣ ಎಂದುಕೊಂಡೆ. ಇಲ್ಲೇ ಇರು ಎಂದಿದ್ದಳಲ್ಲ, ಇದ್ದೆ.