ಏಳು ತಿಂಗಳಿಗೆ ಹುಟ್ಟಿದ ಟೇಲರ್

ಮಾನ್ವಿಯ ನಮ್ಮ ಟೇಲರ್ ಏಳು ತಿಂಗಳಿಗೇ ಹುಟ್ಟಿದವ. ಅವನ ಬಾಳಿನಲ್ಲಿ ವಾಯಿದೆಗಿಂತ ಮೊದಲೇ ಆದ ಕೆಲಸ ಅದೊಂದೇ. ದಪ್ಪ ಚಷ್ಮಾ ಹಣೆಗೇರಿಸಿ, ಬಟ್ಟೆಯನ್ನು ಮೂಗಿಗೆ ಹಿಡಿದು ನೋಡುತ್ತ, ಯಾರು ಕೇಳಿದರೂ "ನಾಳಿ ಬರ್ರಿ" ಅನ್ನುತ್ತಿದ್ದ.

ಒಂದಿನ ನಾನು ಅಂಗಿ ಕೇಳಲು ಹೋದಾಗ ಥಟ್ಟನೆ ಮಿಷನ್ ನಿಲ್ಲಿಸಿದ. "ಕಣ್ಣಂಚಿಗೆ ಮಿಂಚು ಹೊಡ್ಯಾಕತ್ತದ್ರೀ. ದಿನ ತುಂಬದ ಹುಟ್ಟಿದವ್ರಿಗೆ ವಯಸ್ಸಾದ ಮ್ಯಾಲೂ ಕಣ್ಣೊಳಗಿನ ಪರದೆ ಹರೀಬಹುದಂತ ಡಾಕ್ಟರ್ ಹೇಳ್ಯಾರ. ನಡೀರಿ, ದವಾಖಾನಿಗೆ!"

ರಾಯಚೂರಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವವಳು, "ಡಾಕ್ಟರ್ ಹೊಂಟಾರ್ರೀ, ನಾಳಿ ಬರ್ರಿ" ಅಂದಳು.

ಟೇಲರ್ ಬಾಗಿಲಿಗೆ ಅಡ್ಡ ನಿಂತ. "ಯವ್ವಾ, ನಾಳಿ ಅಂದ್ರ ಎಷ್ಟು ದಿನಂತ ನನಗ ಗೊತ್ತದ!"

ಡಾಕ್ಟರು ನಕ್ಕು ಒಳಗೆ ಕರೆದು, ಪರದೆ ಹರಿದದ್ದು ಕಂಡು ಅಂದೇ ಲೇಸರಿನಿಂದ ಬೆಸೆದರು. ಕಣ್ಣು ಉಳಿಯಿತು.

ಹೊರಗೆ ಬಂದವನು ಬೆರಗಾಗಿದ್ದ. "ಹರಿದದ್ದು ಅರ್ಧಾ ತಾಸಿನಾಗ ಹೊಲದು ಕೊಟ್ರು. ಹಿಂಗೂ ಕೊಡ್ತಾರೇನ್ರೀ?"