ಗಂಗಕ್ಕನ ಚೂಡಾ ಪೊಟ್ಟಣ

ಕಳೆದ ವಾರ ನಾಗಪುರದಿಂದ ಬೆಂಗಳೂರಿಗೆ ಹೊರಟ ವಿಮಾನದಲ್ಲಿ, ಪಕ್ಕದ ಸೀಟಿನ, ನಾಗಪುರದ ಲಕ್ಷ್ಮೀ ನಗರದ ಅಜ್ಜಿ ಒಂದು ಅವಲಕ್ಕಿ ಚೂಡಾ ಪೊಟ್ಟಣ ಹೊರತೆಗೆದರು. ಅದು ದಿಂಬಿನಂತೆ ಉಬ್ಬಿತ್ತು. ನನ್ನ ಕಣ್ಣು ತಾನಾಗಿಯೇ ಅಜ್ಜಿಯ ಗಂಟಲಿನತ್ತ ಹೋಯಿತು. ಅಲ್ಲಿ ಮುತ್ತಿನ ಸರವಿತ್ತು, ನಳಿಕೆ ಇರಲಿಲ್ಲ. ನಗಬೇಡಿ, ಕಾರಣವಿದೆ.

ಆರು ವರ್ಷ ನಾನು ರೋಗಿಗಳನ್ನು ಸಾಗಿಸುವ ಪುಟ್ಟ ವಿಮಾನದಲ್ಲಿ ನರ್ಸ್ ಆಗಿದ್ದೆ. ಹಾಗೆ ಹೇಳಿದರೆ ನೆಂಟರು ಗಗನಸಖಿ ಎಂದುಕೊಂಡು ಸೀರೆಯ ಬಣ್ಣ ಕೇಳುತ್ತಾರೆ. ನಾನು ಮೊಣಕಾಲೂರಿ, ಆಮ್ಲಜನಕದ ಸಿಲಿಂಡರಿಗೆ ಒರಗಿ ದುಡಿದವಳು. ಶೌಚಾಲಯವಿಲ್ಲದ ವಿಮಾನ ಅದು. ಬೆಳಗಿನ ಚಹಾ ಬಿಡುವುದೇ ಮೊದಲ ತರಬೇತಿ.

ಕಲಿಸಿದವಳು ಹಿರಿಯ ನರ್ಸ್, ಗದಗಿನ ಗಂಗಕ್ಕ. ಯಂತ್ರದಿಂದ ಉಸಿರಾಡುವ ರೋಗಿಯ ಗಂಟಲಿಗೆ ನಳಿಕೆ ಇಳಿಸಿರುತ್ತಾರೆ. ಅದರ ತುದಿಯ ಸಣ್ಣ ಬಲೂನು ಗಾಳಿ ಸೋರದಂತೆ ತಡೆಯುತ್ತದೆ. ವಿಮಾನ ಏರಿದರೆ ಬಲೂನು ಉಬ್ಬಿ ಶ್ವಾಸನಾಳವನ್ನು ಒತ್ತುತ್ತದೆ, ಇಳಿದರೆ ಕುಗ್ಗಿ ಉಸಿರು ಸೋರುತ್ತದೆ. ಅಳೆಯಲು ಮೀಟರ್ ಇದೆ. ಆದರೂ ಗಂಗಕ್ಕ ರೋಗಿಯ ತಲೆಯ ಬಳಿ ಒಂದು ಚೂಡಾ ಪೊಟ್ಟಣ ತೂಗುಹಾಕುತ್ತಿದ್ದಳು. ಒಡೆಯದ ಪೊಟ್ಟಣವೂ ಆ ಬಲೂನಿನಂತೆಯೇ ಏರುವಾಗ ಉಬ್ಬಿ, ಇಳಿಯುವಾಗ ಕುಗ್ಗುತ್ತದೆ.

“ಮೀಟರ್ ಒತ್ತಡ ಹೇಳ್ತೈತಿ. ಮೀಟರ್ ನೋಡವಾ ಅಂತ ಹೇಳಾಕ ಇದು ಬೇಕು.”

ಒಮ್ಮೆ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ, ನಾಗಪುರದ ಬಳಿಯ ಸಾವನೇರಿನವನೊಬ್ಬನನ್ನು ಹೈದರಾಬಾದಿಗೆ ಒಯ್ಯುತ್ತಿದ್ದೆವು. ಜೊತೆಗೆ ಅವನ ಹೆಂಡತಿ. ನಮ್ಮ ವೈದ್ಯರಿಗೆ ವಿಮಾನ ಅಲುಗಿದರೆ ಆಗದು, ಅವರು ವಾಂತಿಯ ಚೀಲ ಹಿಡಿದು ಕುಳಿತಿದ್ದರು. ಗಂಗಕ್ಕ ಔಷಧದ ಪಂಪು ನೋಡುತ್ತಿದ್ದಳು. ಪೊಟ್ಟಣ ಉಬ್ಬಿತು, ನಾನು ಬಲೂನಿನ ಗಾಳಿ ಇಳಿಸಿದೆ. ಆ ಹೆಂಗಸು ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ನಾನೂ ಬೆಳಗಿನಿಂದ ಉಪವಾಸ. ಪೊಟ್ಟಣದ ಕೆಲಸ ಮುಗಿಯಿತಲ್ಲ ಎಂದುಕೊಂಡು ಹರಿದೆ. ಇಬ್ಬರೂ ತಿಂದೆವು. ನಿಜ ಹೇಳಬೇಕೆಂದರೆ, ಅವಳ ಪಾಲು ಕಡಿಮೆ.

ವಿಮಾನ ಇಳಿಯತೊಡಗಿತು. ಕುಗ್ಗಿ ಎಚ್ಚರಿಸಲು ಪೊಟ್ಟಣವಿಲ್ಲ. ನಾನು ಬೆರಳಿನ ಉಪ್ಪು ನೆಕ್ಕುತ್ತಿದ್ದೆ.

“ತಾಈ, ಹಾ ಆವಾಜ್ ಕಸಲಾ?” ಇದೇನು ಸದ್ದು ಎಂದು ಕೇಳಿದವಳು ಹೆಂಡತಿ. ಗಂಡನ ಗಂಟಲು ಗೊರಗುಟ್ಟುತ್ತಿತ್ತು. ಯಂತ್ರ ಆಮೇಲೆ ಕಿರುಚಿತು.

“ಚೂಡಾ ಎಲ್ಲೈತಿ?” ಎಂದಳು ಗಂಗಕ್ಕ.

ನಾನು ಹೊಟ್ಟೆ ತೋರಿಸಿದೆ. ಅವಳು ನನ್ನನ್ನು ಪಕ್ಕಕ್ಕೆ ತಳ್ಳಿ, ಮೀಟರ್ ನೋಡುತ್ತ ಬಲೂನಿಗೆ ಗಾಳಿ ತುಂಬಿದಳು. ಸದ್ದು ನಿಂತಿತು. ಕುಸಿದಿದ್ದ ಆಮ್ಲಜನಕ ಮೇಲೆ ಬಂತು.

ಕೆಳಗಿಳಿದ ಮೇಲೆ ವರದಿಯಲ್ಲಿ “ಇಳಿಯುವಾಗ ಸೋರಿಕೆ, ಸರಿಪಡಿಸಲಾಯಿತು” ಎಂದು ಬರೆದೆ. ಒಂದು ಅಕ್ಷರವೂ ಸುಳ್ಳಲ್ಲ.

“ಕಾರಣ?” ಎಂದಳು ಗಂಗಕ್ಕ.

“ಅಕ್ಕಾ, ಬರೆದ್ರೆ ಕೆಲಸ ಹೋಗುತ್ತೆ.”

“ಬರೀಲಿಲ್ಲಂದ್ರ ನಾಳೆ ಬರಾಕಿನೂ ತಿಂತಾಳ. ಬರೋಬರ್ ಬರಿ.”

“ನರ್ಸ್ ಚೂಡಾ ತಿಂದಳು” ಎಂದು ಸೇರಿಸಿದೆ. ಒಂದು ತಿಂಗಳು ನನ್ನನ್ನು ವಿಮಾನ ಹತ್ತಿಸದೆ ನೆಲದ ಮೇಲೆ ಕೂರಿಸಿದರು. ಸಾವನೇರಿನವನು ಬದುಕಿದ. ನಾನು ಮರಳಿದಾಗ ಹೊರಡುವ ಮುನ್ನ ಓದುವ ಪಟ್ಟಿಯಲ್ಲಿ ಹೊಸ ಸಾಲಿತ್ತು: ಚೂಡಾ, ಎರಡು ಪೊಟ್ಟಣ. ಒಂದು ನೋಡಲು, ಒಂದು ತಿನ್ನಲು.

ಅಜ್ಜಿ ಪೊಟ್ಟಣ ಹರಿಯಹೊರಟು, “ಘೇ ಬೇಟಾ”, ತಗೋ ಮಗಳೇ, ಎಂದರು. ತಡೆದು, ಇನ್ನೊಂದು ಇದೆಯೇ ಎಂದು ಕೇಳಿದೆ. ಎಂಥ ಹೊಟ್ಟೆಬಾಕಿ ಎಂಬಂತೆ ನೋಡಿದರೂ ಕೊಟ್ಟರು. ಅದನ್ನು ಎದುರಿನ ಸೀಟಿನ ಜೇಬಿಗೆ, ಕಣ್ಣಿಗೆ ಬೀಳುವಂತೆ ಸಿಕ್ಕಿಸಿದೆ. ಅದು ಕುಗ್ಗುವವರೆಗೆ ಇಬ್ಬರೂ ಮೊದಲನೆಯದನ್ನು ತಿಂದೆವು. ಈ ಸಲ ಅಜ್ಜಿಯ ಪಾಲು ಹೆಚ್ಚು.